ನಾಲ್ಕು ಗಂಟೆಯ ನೀಲಿ ಸೇವಂತಿಗೆ

ಎಲ್ಲರೂ ಹೂವಕ್ಕ ಎಂದು ಕರೆಯುತ್ತಿದ್ದ ಆ ಹೆಂಗಸು ಹೋಟೆಲಿನ ತೋಟದಲ್ಲಿ ಹದಿನೆಂಟು ವರ್ಷ ದುಡಿದವಳು. ಒಣಕಡ್ಡಿ ನೆಟ್ಟರೂ ಚಿಗುರಿಸುತ್ತಾಳೆ ಎಂದು ಅಡುಗೆಮನೆಯವರು ತಮಾಷೆ ಮಾಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದಿದ್ದವರು ಅತ್ತೆ ಒಬ್ಬರೇ, ಅವರೂ ಸೊಂಟ ಮುರಿದು ಹಾಸಿಗೆ ಹಿಡಿದವರು. ಜನರೇಟರ್ ಶೆಡ್ಡಿನ ಹಿಂದೆ ಒಂದೇ ಕೋಣೆಯ ಕ್ವಾರ್ಟರ್ಸು. ಕಿಟಕಿ ತೆರೆದರೆ ಎದುರಿಗೆ ಗೋಡೆ. ಕೆಲಸ ಇರುವವರೆಗೆ ಮನೆ, ಅಷ್ಟೇ ಕರಾರು.

ಬಣ್ಣದ ಕಥೆ ಶುರುವಾದದ್ದು ಒಂದು ಫೋಟೋದಿಂದ. ಹೋಟೆಲಿಗೆ ಹೊಸದಾಗಿ ನೀಲಿ ಬಳಿಸಿದ್ದರು. ಜಾಹೀರಾತಿಗೆ ಫೋಟೋ ತೆಗೆಯುವವರು ಬರುವ ಹಿಂದಿನ ದಿನ ಮ್ಯಾನೇಜರ್ ಬಾಗಿಲ ಮುಂದಿನ ಬಿಳಿ ಸೇವಂತಿಗೆ ಪಾತಿ ನೋಡಿ ಮೂಗು ಮುರಿದರು.

“ಇವೂ ನೀಲಿ ಇದ್ದಿದ್ರೆ ಚೆನ್ನಾಗಿ ಹೊಂದ್ತಿತ್ತು. ಸ್ಪ್ರೇ ಡಬ್ಬಿ ತರಿಸ್ತೀನಿ, ಹೊಡೆದುಬಿಡು.”

“ಹೂವಿಗಾ, ಸಾರ್?”

“ಒಂದೇ ಒಂದು ದಿನಕ್ಕೆ ಕಣಮ್ಮ.”

ಗೋಡೆಯ ಬಣ್ಣ ಹೊಡೆದಾಗ ಎಸಳುಗಳು ಒಂದಕ್ಕೊಂದು ಅಂಟಿ ಮುದ್ದೆಯಾದವು. ಆಮೇಲೆ ಹೂವಿಗೆಂದೇ ಸಿಗುವ ತೆಳುಬಣ್ಣ ತರಿಸಿದರು. ಹೂವಕ್ಕ ರಟ್ಟಿನ ತುಂಡನ್ನು ಸೀಳಿ, ಸೀಳಿನೊಳಗೆ ದಂಟು ತೂರಿಸಿದಳು. ಎಲೆಗಳೆಲ್ಲ ರಟ್ಟಿನ ಕೆಳಗೆ, ಹೂವೊಂದೇ ಮೇಲೆ. ಒಂದು ಮೊಳ ದೂರದಿಂದ ಎರಡು ಸಲ ಹಗುರಾಗಿ ಹೊಡೆದರೆ ಎಸಳೆಸಳೂ ನೀಲಿ.

ಫೋಟೋ ಊರೂರಿಗೆ ಹೋಯಿತು. ಬಂದವರು ಪೆಟ್ಟಿಗೆ ಇಳಿಸುವ ಮೊದಲೇ ನೀಲಿ ಹೂವು ಎಲ್ಲಿ ಎಂದು ಕೇಳತೊಡಗಿದರು. ಒಂದು ದಿನದ ಮಾತು ಎರಡು ವರ್ಷವಾಯಿತು. ಅತಿಥಿಗಳು ಏಳುವ ಮುಂಚೆ, ಹೊಸದಾಗಿ ಅರಳಿದ್ದಕ್ಕೆಲ್ಲ ಬಣ್ಣ ಹೊಡೆದಿರಬೇಕು. ಯಾರಾದರೂ ಕೇಳಿದರೆ ವಿಶೇಷ ತಳಿ ಎನ್ನಬೇಕು. ಹಾಗೆನ್ನುವಾಗ ಅವಳು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದಳು. ಉಗುರಿನ ಸಂದಿಯ ನೀಲಿ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಜೇನುನೊಣಗಳು ಆ ಪಾತಿಯತ್ತ ಸುಳಿಯುವುದನ್ನೇ ಬಿಟ್ಟಿದ್ದವು.

“ಏನೇ, ಮೈಯೆಲ್ಲ ಪೇಂಟ್ ವಾಸನೆ!” ಎನ್ನುತ್ತಿದ್ದರು ಅತ್ತೆ. “ನನಗೂ ಒಂದು ಕೈ ಹೊಡಿ, ವಯಸ್ಸು ಕಾಣ್ಸಲ್ಲ.”

ಇಬ್ಬರೂ ನಗುತ್ತಿದ್ದರು. ಆದರೆ ಕೆಲಸ ಬಿಟ್ಟುಬಿಡೋಣವೆಂದರೆ ಈ ಜೀವವನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು?

ಒಂದು ದಿನ ಬೆಳಿಗ್ಗೆ, ಹೋಟೆಲಿನಲ್ಲಿ ತಂಗಿದ್ದ ನಿವೃತ್ತ ಟೀಚರ್ ಒಬ್ಬರು ಹೂವನ್ನು ಮುಟ್ಟಿ ನೋಡಿದರು. ಬೆರಳು ನೀಲಿಯಾಯಿತು.

“ನಿಜ ಹೇಳಮ್ಮ, ಇದು ಬಣ್ಣ ತಾನೆ?”

ಹೂವಕ್ಕ ಸುತ್ತಮುತ್ತ ನೋಡಿ ಕೈ ಮುಂದೆ ಚಾಚಿದಳು. “ಹೌದು, ಮೇಡಂ. ಎಲ್ಲರಿಗೂ ಹೇಳಿಬಿಡಿ. ನಿಮಗೆ ಪುಣ್ಯ ಬರುತ್ತೆ.”

ಟೀಚರ್ ಸೀದಾ ಮ್ಯಾನೇಜರ್ ಕೋಣೆಗೆ ನುಗ್ಗಿದರು. ಅವರ ಗಟ್ಟಿ ದನಿ ತೋಟದವರೆಗೂ ಕೇಳಿಸಿತು. ಇವತ್ತಿಗೆ ಇದು ಮುಗಿಯಿತು, ಬೈದರೂ ಸರಿ ಎಂದುಕೊಂಡು ಹೂವಕ್ಕ ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿ, ಬಹಳ ದಿನಗಳ ಮೇಲೆ ಪಾತಿಯ ಮಣ್ಣು ಸಡಿಲಿಸಲು ಕೂತಳು.

ಮಧ್ಯಾಹ್ನ ಕರೆ ಬಂತು. ಮ್ಯಾನೇಜರ್ ನಗುತ್ತಿದ್ದರು.

“ಟೀಚರ್ ಒಳ್ಳೇ ದಾರಿ ತೋರಿಸಿದ್ರು. ಮುಚ್ಚಿಡೋದೇ ಬೇಡ. ನಾಳೆಯಿಂದ ನಾಲ್ಕು ಗಂಟೆಗೆ ಎಲ್ಲರೆದುರೇ ಹೊಡಿ. ಕುರ್ಚಿ ಹಾಕಿಸ್ತೀನಿ.”

“ಸಾರ್, ನನಗೆ ಗಿಡ ಬೆಳೆಸೋದು ಗೊತ್ತು. ಈ ಆಟ ನನ್ನಿಂದಾಗಲ್ಲ.”

“ಆಗಲ್ಲ ಅಂದ್ರೆ ಆಗೋರನ್ನ ನೋಡ್ತೀನಿ.” ನಗು ಹಾಗೇ ಇತ್ತು. “ಅವರಿಗೂ ಕ್ವಾರ್ಟರ್ಸ್ ಬೇಕಾಗುತ್ತಲ್ವಾ?”

ಮರುದಿನ ನಾಲ್ಕು ಗಂಟೆಗೆ ಟೀಚರ್ ಮುಂದಿನ ಸಾಲಿನಲ್ಲೇ ಕೂತಿದ್ದರು. ಮುಗಿದ ಮೇಲೆ ಹತ್ತಿರ ಬಂದು ಅವಳ ಭುಜ ತಟ್ಟಿದರು.

“ಇನ್ನು ಸುಳ್ಳು ಹೇಳೋ ಕಷ್ಟ ಇಲ್ಲ. ಕೆಲಸಾನೂ ಉಳೀತಲ್ಲಮ್ಮ!” ಅವರ ಕಣ್ಣಲ್ಲಿ ನಿಜವಾದ ಸಂತೋಷವಿತ್ತು. ಹೂವಕ್ಕ ತಲೆಯಾಡಿಸಿ ರಟ್ಟಿನ ತುಂಡುಗಳನ್ನು ಎತ್ತಿಡತೊಡಗಿದಳು.

ಹೀಗೇ ಮೂರು ವರ್ಷ ಕಳೆಯಿತು. ನೀಲಿಯ ಜೊತೆಗೆ ನೇರಳೆ, ಬಂಗಾರದ ಬಣ್ಣ, ಅತಿಥಿಗಳು ಕೇಳಿದ್ದು. ಅವಳಿಗೆ ಕೆಮ್ಮು ಅಂಟಿಕೊಂಡಿತು. ತೋಟದ ಉಳಿದ ಕೆಲಸ ಬೇರೆಯವರ ಪಾಲಾಯಿತು. ಮೂರನೆಯ ವರ್ಷದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು.

ಎರಡು ವಾರದ ಮೇಲೆ ರಜೆಯ ದಿನ, ಹೂವಕ್ಕ ಬಸ್ಸು ಹತ್ತಿ ಪಕ್ಕದ ಊರಿನ ದೊಡ್ಡ ನರ್ಸರಿಗೆ ಕೆಲಸ ಕೇಳಲು ಹೋದಳು. ಸಸಿಗಳ ಸಾಲಿನ ನಡುವೆ ನಡೆಯುವಾಗ ಬಗ್ಗಿ ಒಂದು ಹಿಡಿ ಒದ್ದೆ ಮಣ್ಣು ಎತ್ತಿ ಮೂಸಿದಳು. ಮಾಲೀಕ ಅವಳ ಉಗುರು ನೋಡಿ ಎದ್ದುನಿಂತ.

“ಅರೆ, ಬಣ್ಣದಮ್ಮ ಅಲ್ವಾ ನೀವು! ಇವತ್ತೇ ಬನ್ನಿ. ನಮ್ಮಲ್ಲೂ ಅದನ್ನೇ ಶುರುಮಾಡೋಣ.”

“ನಾನು ಸಸಿ ಕೆಲಸ ಕೇಳೋಕೆ ಬಂದೆ.”

“ಅದಕ್ಕೆ ಬೇಕಾದಷ್ಟು ಜನ ಇದ್ದಾರಮ್ಮ. ನಿಮ್ಮ ಕೈ ಯಾರಿಗಿದೆ?”

ಯೋಚಿಸಿ ಹೇಳ್ತೀನಿ ಎಂದು ಹೊರಗೆ ಬಂದಳು. ಇನ್ನೂ ಎರಡು ನರ್ಸರಿಗಳ ವಿಳಾಸ ಬರೆದ ಚೀಟಿ ಅವಳ ಚೀಲದಲ್ಲಿತ್ತು. ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಆ ಚೀಟಿಯನ್ನು ತೆಗೆದು ಓದಿದಳು. ಉಗುರಿನ ನೀಲಿ ನೋಡಿಕೊಂಡು, ಅಲ್ಲೂ ಇದನ್ನೇ ಕೇಳುತ್ತಾರೆ ಎಂದು ಮಡಚಿದಳು. ಹೋಟೆಲಿನ ಕಡೆಯ ಬಸ್ಸು ಮೊದಲು ಬಂತು. ಹತ್ತಿದಳು.