ಪೊಂಗಲ್ ರುಚಿ ಕಂಡ ಚಿನ್ನು

ಜನವರಿ ಕೊನೆಯ ಶನಿವಾರ ಬೆಂಗಳೂರಿನಿಂದ ಬೆಳಗಿನ ರೈಲಿನಲ್ಲಿ ಚೆನ್ನೈಗೆ ಹೊರಟೆ. ತಂಗಿ ವಸುಧಾಳ ನಾಯಿ ಚಿನ್ನುವನ್ನು ಕರೆತರಬೇಕಿತ್ತು. ಕರೆದರೆ ಬಾರದ ನಾಯಿ ಇಲ್ಲಿರಕೂಡದು, ತಿಂಗಳೊಳಗೆ ಸಾಗಹಾಕಿ ಎಂದು ಅವಳ ಫ್ಲಾಟಿನವರು ಖಡಾಖಂಡಿತವಾಗಿ ಹೇಳಿದ್ದರು. ನಾಯಿಯ ಉಸಾಬರಿ ನನಗೆ ಬೇಡವೇ ಬೇಡ. ಆದರೂ ತಂಗಿ ಫೋನಿನಲ್ಲಿ ಅತ್ತರೆ ಮಾಡುವುದೇನು?

ಕಾಟ್ಪಾಡಿಯಲ್ಲಿ ಕೊಂಡ ವಡೆ ತಣ್ಣಗಾಗಿ ಕಲ್ಲಾಗಿತ್ತು. ಸೆಂಟ್ರಲ್‌ನಲ್ಲಿ ಇಳಿದು, ಆಟೋದವನ ಹತ್ತಿರ ಹರಕುಮುರುಕು ತಮಿಳಿನಲ್ಲಿ ಚೌಕಾಸಿ ಮಾಡಿ, ಸೋತು, ಮಧ್ಯಾಹ್ನ ವೇಲಚೇರಿ ಮುಟ್ಟಿದೆ.

ಚಿನ್ನು ಗುಂಡುಗುಂಡಗಿದ್ದ. ವಸುಧಾ ರಸ್ಕ್ ತೋರಿಸಿ ಕರೆದಳು. ಮೂಸಿ ನೋಡಿ ಮುಖ ತಿರುಗಿಸಿಕೊಂಡು ಹೋದ. ಮರಿಯಿದ್ದಾಗಿನಿಂದ ಇದೇ ರಸ್ಕಿಗೆ ಮಹಡಿಯಿಂದ ಓಡಿಬರುತ್ತಿದ್ದನಂತೆ. ಕಾಯಿಲೆ ಏನೂ ಇಲ್ಲವೆಂದು ಡಾಕ್ಟರೂ ಹೇಳಿದ್ದರು.

ಸಂಜೆ ಕಾಫಿ ಹೊತ್ತಿಗೆ ವಸುಧಾಳ ಅತ್ತೆ, ಇಲ್ಲಿನ ತ್ರಿಪ್ಲಿಕೇನಿನ ಕನ್ನಡ ಮನೆಯೊಂದರಲ್ಲಿ ಹುಟ್ಟಿ ಬೆಳೆದ ವೇದಮ್ಮಾಮಿ, ಧನುರ್ಮಾಸದ ಮಾತೆತ್ತಿದರು. ‘ಪೊಂಗಲ್’ ಅಂದದ್ದೇ ತಡ, ಮಲಗಿದ್ದ ಚಿನ್ನು ಕಿವಿ ನಿಮಿರಿಸಿ ಎದ್ದು ಕೂತ. ವಿಚಾರಿಸಿದೆ. ತಿಂಗಳಿಡೀ ಅವನು ಕರೆದಾಗ ಬಂದರೆ ತುಪ್ಪ ಸೋರುವ ಸಕ್ಕರೆ ಪೊಂಗಲ್ ಉಂಡೆ. ಹಬ್ಬ ಮುಗಿದ ಮೇಲೆ ಮತ್ತೆ ಒಣ ರಸ್ಕ್.

“ಈಗ ನಿಲ್ಸಿದೀರಾ ಮಾಮಿ?”

“ಶುಕ್ರವಾರ ಮಾತ್ರ ಚೂರು. ಪಾವಂ ಅಲ್ವಾಪ್ಪಾ, ಬಾಯಿಲ್ಲದ ಜೀವ.”

ನನಗೆ ನಗು ತಡೆಯಲಾಗಲಿಲ್ಲ. ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವವನು. ನಮ್ಮ ಪ್ರಯೋಗಾಲಯದ ಇಲಿಗಳೂ ಹೀಗೇ. ಗಟ್ಟಿ ಸಕ್ಕರೆ ನೀರು ಕುಡಿದವಕ್ಕೆ ತೆಳುನೀರು ಇಟ್ಟರೆ, ಮೊದಲಿಂದಲೂ ತೆಳುನೀರೇ ಕುಡಿದ ಇಲಿಗಳಷ್ಟೂ ಅವು ಕುಡಿಯುತ್ತಿರಲಿಲ್ಲ. ಕೆಲವು ದಿನ ಮುನಿಸಿಕೊಂಡು ಆಮೇಲೆ ದಾರಿಗೆ ಬರುತ್ತಿದ್ದವು. ಇಲ್ಲಿ ಶುಕ್ರವಾರದ ಚೂರು ಆ ಮುನಿಸನ್ನು ಆರಲು ಬಿಟ್ಟಿರಲಿಲ್ಲ. ಮಾಮಿಗೆ ಬಿಡಿಸಿ ಹೇಳಿ, ರಜೆ ಹಾಕಿ ಉಳಿದೆ.

ಮೊದಮೊದಲು ಚಿನ್ನು ರಸ್ಕ್ ಮುಟ್ಟಲಿಲ್ಲ. ಶುಕ್ರವಾರ ಮಾಮಿ ಪೂಜೆ ಮುಗಿಸಿ, ಅವನ ಕಣ್ಣು ತಪ್ಪಿಸಿ ನೈವೇದ್ಯವನ್ನು ಪಕ್ಕದ ಮನೆಗೆ ಕೊಟ್ಟು ಬಂದರು. ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡದ್ದೂ ನನಗೆ ಕಂಡಿತು.

ಭಾನುವಾರ ಫ್ಲಾಟಿನವರ ಸಂಘದ ಕಾರ್ಯದರ್ಶಿ ಬಂದಾಗ ಚಿನ್ನು ಬಾಗಿಲ ಸಂದಿಯಲ್ಲಿ ನುಸುಳಿ ಮೆಟ್ಟಿಲಿಳಿದು ಓಡಿದ. ಮಾಮಿ ರಸ್ಕ್ ಹಿಡಿದು “ಬಾರೋ ಚಿನ್ನು” ಎಂದರು. ಕೆಳಗೆ ಸದ್ದು ನಿಂತಿತು. ಆಮೇಲೆ ಉಗುರುಗಳ ಟಪಟಪ ಮೇಲಕ್ಕೆ ಬಂತು. ರಸ್ಕ್ ಕಟುಮ್ ಎಂದಿತು.

“ಸರಿ, ಇರಟ್ಟುಂ,” ಎಂದು ಕಾರ್ಯದರ್ಶಿ ನಕ್ಕರು. ಇರಲಿ ಬಿಡಿ ಅಂತ! ಅಬ್ಬಾ, ಎಷ್ಟು ಹಗುರಾಯಿತು ಮನಸ್ಸು.

ಮರುದಿನ ನಾನು ಹೊರಟು ನಿಂತಾಗ, ಶಾಲೆಗೆ ಹೊರಟಿದ್ದ ಮೊಮ್ಮಗಳನ್ನು ಮಾಮಿ ಕನ್ನಡದಲ್ಲಿ ಕರೆದರು. ಅವಳು ತಮಿಳಿನಲ್ಲಿ ಏನೋ ಹೇಳಿ ಓಡಿದಳು. ಮಾಮಿ ಚಿನ್ನುವಿನ ತಲೆ ಸವರಿದರು.

“ಕನ್ನಡದಲ್ಲಿ ಕರೆದ್ರೆ ಬರೋನು ಈ ಮನೇಲಿ ಇವನೊಬ್ಬನೇಪ್ಪಾ.”