ತೊಟ್ಟಿ ಖಾಲಿ ಎಂದು ಹೇಳಿದ ಬೆಳಗುಗಳು

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡಿಕೊಂಡೇ ಬಂದೆ. ಮೊದಲು ಕೆಲಸ ಹೋದೀತೆಂಬ ಭಯವಿತ್ತು. ಕೆಲಸ ಬಿಟ್ಟ ಮೇಲೆ ಮಂಡಿನೋವು, ಕಣ್ಣಿನ ಪೊರೆಯ ಆಪರೇಷನ್ನು, ಒಂದಲ್ಲ ಒಂದು ನೆವ. ಈಗ ನೆವಗಳೂ ಮುಗಿದಿವೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಅಲಂಕಾರ ಮಾಡಿ ಬರೆಯಲು ಬರುವುದಿಲ್ಲ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೈಸೂರಿನ ರೇಸ್ ಲಾಯಗಳಲ್ಲಿ ಸೈಸ್ ಆಗಿ, ಅಂದರೆ ಕುದುರೆ ನೋಡಿಕೊಳ್ಳುವವನಾಗಿ ಬೆಳೆದವನು ನಾನು. ನಡುವಯಸ್ಸಿನಲ್ಲಿ ಅದೇ ಕೆಲಸ ಹಿಡಿದು ಇಂಗ್ಲೆಂಡಿಗೆ ಬಂದೆ. ಬರ್ಮಿಂಗ್‌ಹ್ಯಾಮ್ ದಾಟಿ ಉತ್ತರಕ್ಕೆ ಮುಕ್ಕಾಲು ಗಂಟೆ ಹೋದರೆ ಹೊಲಗಳ ನಡುವೆ ಒಂದು ಸಣ್ಣ ಲಾಯ. ಅದರ ಟ್ರೇನರ್ ಅರವತ್ತು ದಾಟಿದ ಇಂಗ್ಲಿಷ್ ಹೆಂಗಸು. ಮಾತು ಕಡಿಮೆ, ಕುದುರೆಗಳ ವಿಷಯದಲ್ಲಿ ಅವಸರ ಇನ್ನೂ ಕಡಿಮೆ. ದೊಡ್ಡ ಲಾಯಗಳಲ್ಲಿ ಕುದುರೆಯನ್ನು ತೂಕಕ್ಕೆ ನಿಲ್ಲಿಸುವ ಯಂತ್ರ ಇರುತ್ತದೆ, ವಾರಕ್ಕೊಮ್ಮೆ ರಕ್ತ ಪರೀಕ್ಷೆ ಇರುತ್ತದೆ. ನಮ್ಮಲ್ಲಿ ಇದ್ದದ್ದು ದಾಣಿ ತೊಟ್ಟಿ. ರಾತ್ರಿ ಹಾಕಿದ ಓಟ್ಸನ್ನು ಕುದುರೆ ಬೆಳಗಾಗುವಷ್ಟರಲ್ಲಿ ನೆಕ್ಕಿ ಮುಗಿಸಿದ್ದರೆ ಮೈ ಸುಧಾರಿಸಿದೆ ಎಂದರ್ಥ. ತಳದಲ್ಲಿ ಉಳಿಸಿದ್ದರೆ ಹಿಂದಿನ ರೇಸಿನ ದಣಿವು ಇನ್ನೂ ಒಳಗೇ ಇದೆ ಎಂದರ್ಥ. ಕುದುರೆಯ ಕಾಲು ಸುಳ್ಳು ಹೇಳಬಹುದು, ಹೊಟ್ಟೆ ಹೇಳುವುದಿಲ್ಲ ಎಂದು ಅವರು ನಂಬಿದ್ದರು. ಗಟ್ಟಿ ರೇಸ್ ಓಡಿದ ಕುದುರೆಯನ್ನು ತಿಂಗಳು ತುಂಬುವ ಮೊದಲು ಮತ್ತೆ ಓಡಿಸುತ್ತಿರಲಿಲ್ಲ. ಮೈಸೂರು, ಬೆಂಗಳೂರಿನಲ್ಲಿ ಹದಿನೈದು ದಿನಕ್ಕೊಮ್ಮೆ ಓಡಿ ಗೆದ್ದ ಕುದುರೆಗಳನ್ನು ಕಂಡಿದ್ದ ನನಗೆ ಇದು ಅತಿಯಾಯಿತು ಅನ್ನಿಸುತ್ತಿತ್ತು.

ಎರಡು ಸಾವಿರದ ಹತ್ತರ ಆಚೆಯ ವರ್ಷಗಳವು. ಒಂದು ಭಾನುವಾರ ಬರ್ಮಿಂಗ್‌ಹ್ಯಾಮ್ ಬಳಿಯ ಟಿವಿಡೇಲ್ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಕನ್ನಡ ಕೇಳಿಸಿತು. ತಿರುಗಿ ಮಾತಾಡಿಸಿದೆ. ಧಾರವಾಡ ಕಡೆಯ ಮೂಳೆ ಡಾಕ್ಟರು, ಅಲ್ಲೇ ಹತ್ತಿರದ ಹಾರ್ಬೋರ್ನ್‌ನಲ್ಲಿ ಮನೆ. ನಾನು ರೇಸ್ ಕುದುರೆ ನೋಡಿಕೊಳ್ಳುವವನು ಎಂದಾಗ ಅವರ ಕಣ್ಣು ಅರಳಿತು. ಆರು ತಿಂಗಳೊಳಗೆ ಅವರು ಹಾರ್ಬೋರ್ನ್, ಸೊಲಿಹಲ್‌ನ ಕೆಲವು ಡಾಕ್ಟರ್ ಗೆಳೆಯರನ್ನು ಸೇರಿಸಿ ನಮ್ಮ ಲಾಯದಲ್ಲಿ ಒಂದು ಕುದುರೆ ಕೊಂಡರು. ಕಂದು ಬಣ್ಣದ ನಾಲ್ಕು ವರ್ಷದ ಹೆಣ್ಣುಕುದುರೆ. ಕಾಗದದಲ್ಲಿ ಒಬ್ಬರ ಹೆಸರಿನಲ್ಲಿ ಇರಬೇಕಲ್ಲ, ಅವರು ಹೆಂಡತಿಯ ಹೆಸರು ಹಾಕಿಸಿದರು. ಆಕೆ ಬೆಂಗಳೂರಿನವರು, ಗಂಡನ ಆಸ್ಪತ್ರೆಯಲ್ಲೇ ಅರಿವಳಿಕೆ ಡಾಕ್ಟರು. ಟ್ರೇನರ್ ಫೋನ್ ಮಾಡಿದರೆ ಎತ್ತುವುದು, ಹೂಂ ಉಹೂಂ ಹೇಳುವುದು ಆಕೆಯ ಪಾಲಿಗೆ ಬಂತು. ಮಿಕ್ಕವರು ಕುದುರೆ ಗೆದ್ದ ದಿನ ಬರುತ್ತಿದ್ದರು. ಆಕೆ ಮಾತ್ರ ನೈಟ್ ಡ್ಯೂಟಿ ಮುಗಿಸಿದ ಬೆಳಗುಗಳಲ್ಲಿ ಮನೆಗೆ ಹೋಗಿ ಮಲಗುವುದನ್ನು ಬಿಟ್ಟು, ಕೈಯಲ್ಲಿ ಒಂದು ಸೇಬು ಹಿಡಿದು ಲಾಯಕ್ಕೆ ಬರುತ್ತಿದ್ದರು. ಕುದುರೆಯ ಪಕ್ಕ ಸುಮ್ಮನೆ ನಿಂತಿದ್ದು ಹೋಗುತ್ತಿದ್ದರು.

ನನ್ನ ಸ್ಥಿತಿಯನ್ನೂ ಹೇಳಬೇಕು. ಅವರೆಲ್ಲ ನನ್ನನ್ನು ಮನೆಗೆ ಕರೆದು ಊಟ ಹಾಕುತ್ತಿದ್ದರು, ಗೌರವದಿಂದಲೇ ಮಾತಾಡುತ್ತಿದ್ದರು. ಆದರೂ ಗಣೇಶನ ಹಬ್ಬದಲ್ಲಿ ಯಾರಿಗಾದರೂ ನನ್ನನ್ನು ಪರಿಚಯಿಸುವಾಗ ‘ಇವರು ನಮ್ಮ ಕುದುರೆ ನೋಡ್ಕೊಳ್ಳೋರು’ ಎಂದೇ ಶುರು. ತಪ್ಪಲ್ಲ, ನಿಜವೇ. ಆದರೆ ಅದು ನನ್ನೊಳಗೆ ಮುಳ್ಳಿನಂತೆ ಇತ್ತು.

ಆ ಬೇಸಿಗೆ ಕುದುರೆ ಎರಡು ಸಣ್ಣ ರೇಸ್ ಗೆದ್ದಿತು. ಆಗಸ್ಟಿನ ಕೊನೆಯ ಶನಿವಾರ ಯಾರ್ಕ್‌ಶೈರಿನಲ್ಲಿ ಒಂದು ದೊಡ್ಡ ರೇಸ್ ಇತ್ತು. ಅದಕ್ಕೆ ಮುಂಚೆ ಜುಲೈನಲ್ಲಿ ಒಂದು ಅಭ್ಯಾಸದ ಓಟ, ಆಮೇಲೆ ಒಂದೂವರೆ ತಿಂಗಳು ವಿಶ್ರಾಂತಿ, ಇದು ಟ್ರೇನರ್ ಹಾಕಿದ ಲೆಕ್ಕ. ಮಳೆ ಹೊಡೆದು ಜುಲೈನ ಓಟ ರದ್ದಾಯಿತು. ಬದಲಿ ಓಟ ಸಿಕ್ಕಿದ್ದು ಆಗಸ್ಟ್ ನಡುವಿನಲ್ಲಿ, ದೂರದ ಊರಿನಲ್ಲಿ, ಗಟ್ಟಿ ನೆಲದ ಮೇಲೆ. ಜಾಕಿ ಚಾಟಿ ಬೀಸಿದ, ಅವಳು ತಲೆಯಷ್ಟು ಅಂತರದಲ್ಲಿ ಗೆದ್ದಳು. ಲಾರಿಯಿಂದ ಇಳಿದಾಗ ಪಕ್ಕೆ ಒಳಕ್ಕೆ ಹೋಗಿತ್ತು. ದೊಡ್ಡ ರೇಸಿಗೆ ಎರಡು ವಾರವೂ ಉಳಿದಿರಲಿಲ್ಲ.

ಯಾರ್ಕ್‌ಶೈರ್ ಬೇಡ, ಸೆಪ್ಟೆಂಬರ್ ಕೊನೆಗೆ ಇನ್ನೊಂದು ಒಳ್ಳೆಯ ರೇಸಿದೆ, ಅಲ್ಲಿಯವರೆಗೆ ಅವಳನ್ನು ಹುಲ್ಲಿಗೆ ಬಿಡೋಣ ಎಂದರು ಟ್ರೇನರ್. ಡಾಕ್ಟರುಗಳ ಕಡೆ ಗದ್ದಲವೆದ್ದಿತು. ಆ ಒಂದು ಶನಿವಾರಕ್ಕಾಗಿ ಅವರು ಮೂರು ತಿಂಗಳ ಹಿಂದೆಯೇ ರಜೆ ಹಾಕಿದ್ದರು, ಕಂಡವರನ್ನೆಲ್ಲ ಬೇಡಿ ರೋಟಾ, ಅಂದರೆ ಡ್ಯೂಟಿ ಪಟ್ಟಿ, ಬದಲಿಸಿಕೊಂಡಿದ್ದರು. ಸೆಪ್ಟೆಂಬರಿನಲ್ಲಿ ಅರ್ಧ ಜನಕ್ಕೆ ಆನ್‌ಕಾಲ್ ಡ್ಯೂಟಿ, ಊರು ಬಿಡುವಂತಿಲ್ಲ. ಮೂಳೆ ಡಾಕ್ಟರ ತಂದೆ ಧಾರವಾಡದಿಂದ ಬಂದಿದ್ದರು, ರೇಸ್ ಮುಗಿದ ವಾರವೇ ಅವರ ವಿಮಾನ. ಎಲ್ಲರೂ ಒಟ್ಟಿಗೆ ಹೋಗಲು ಬಾಡಿಗೆ ಬಸ್ಸು ಗೊತ್ತು ಮಾಡಿದ್ದಾಗಿತ್ತು, ಬಿಸಿಬೇಳೆಬಾತ್ ಯಾರ ಮನೆಯದು, ಮೊಸರನ್ನ ಯಾರದು ಎಂಬುದೂ ತೀರ್ಮಾನವಾಗಿತ್ತು. ಆಸ್ಪತ್ರೆಯ ರೋಟಾ ನೋಡಿ ಕುದುರೆಯ ಓಟ ಗೊತ್ತು ಮಾಡುವ ಜನ ನಾವೇ ಇರಬೇಕು.

ಟ್ರೇನರ್ ಸ್ವಲ್ಪ ಸಡಿಲಿಸಿದರು. ಗುರುವಾರದವರೆಗೆ ನೋಡೋಣ, ಅವಳು ದಿನಾ ತೊಟ್ಟಿ ನೆಕ್ಕಿ ಖಾಲಿ ಮಾಡಿದರೆ ಯೋಚಿಸೋಣ ಎಂದರು. ಆ ಬೇಸಿಗೆ ಅವರಿಗೆ ಸೊಂಟದ ಆಪರೇಷನ್ ಆಗಿತ್ತು. ಕೋಲೂರಿ ನಡೆಯುತ್ತಿದ್ದರು, ಬಗ್ಗಲು ಆಗುತ್ತಿರಲಿಲ್ಲ. ಬೆಳಿಗ್ಗೆ ಲಾಯದ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. ನಾನು ಹೇಳಿದ್ದೇ ಅವರ ಕಣ್ಣು.

ಅವಳು ತಿನ್ನುತ್ತಿರಲಿಲ್ಲ. ಮೊದಲ ಬೆಳಿಗ್ಗೆ ಅರ್ಧ ತೊಟ್ಟಿ ಹಾಗೇ ಇತ್ತು. ನಾನು ಅದನ್ನು ಬಕೆಟ್ಟಿಗೆ ತುಂಬಿ ಪಕ್ಕದ ಕುದುರೆಯ ತೊಟ್ಟಿಗೆ ಸುರಿದೆ. ಅದೊಂದು ಹೊಟ್ಟೆಬಾಕ ಗಂಡುಕುದುರೆ, ಕ್ಷಣದಲ್ಲಿ ಮುಗಿಸಿತು. ಟ್ರೇನರ್ ಬಂದು ನೋಡಿದಾಗ ‘ಎಲ್ಲ ಖಾಲಿ’ ಎಂದೆ. ಮರುದಿನವೂ ಹಾಗೇ ಮಾಡಿದೆ, ಅದರ ಮರುದಿನವೂ. ಒಂದು ಬೆಳಿಗ್ಗೆ ಅವರು ಆ ಗಂಡುಕುದುರೆಯ ಹೊಟ್ಟೆ ನೋಡಿ, ಇವನಿಗೆ ಬೊಜ್ಜು ಬರುತ್ತಿದೆ, ದಾಣಿ ಕಡಿಮೆ ಮಾಡು ಎಂದರು. ಆಗಲಿ ಎಂದು ತಲೆಯಾಡಿಸಿದೆ.

ಯಾಕೆ ಮಾಡಿದೆ? ಪ್ಯಾಡಕ್ಕಿನಲ್ಲಿ, ಅಂದರೆ ರೇಸಿಗೆ ಮುಂಚೆ ಕುದುರೆಗಳನ್ನು ಸುತ್ತಿಸುವ ಹುಲ್ಲಿನ ಅಂಗಳದಲ್ಲಿ, ಅವಳ ಹಗ್ಗ ಹಿಡಿದು ನಡೆಯುವವನು ನಾನು. ಸೂಟು ಹಾಕಿ, ಟೈ ಕಟ್ಟಿ. ನಮ್ಮ ಜನವೆಲ್ಲ ಬೇಲಿಯಂಚಿಗೆ ನಿಂತು ನೋಡುತ್ತಾರೆ. ಒಂದು ದಿನವಾದರೂ ಅವರ ಹೆಮ್ಮೆ ನನ್ನ ಕೈಯಲ್ಲಿ ನಡೆಯಬೇಕು ಎನ್ನುವ ಆಸೆ ಹತ್ತಿತ್ತು. ಬೇರೆ ಕಾರಣ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಬುಧವಾರ ಮಧ್ಯಾಹ್ನ ಡಾಕ್ಟರುಗಳ ಗುಂಪು ಟಿವಿಡೇಲ್ ದೇವಸ್ಥಾನದಿಂದ ನೇರ ಬಂತು. ಕುದುರೆಯ ಹಣೆಗೆ ಕುಂಕುಮ ಇಟ್ಟರು. ಅವಳು ತಲೆ ತಗ್ಗಿಸಿಯೇ ನಿಂತಿದ್ದಳು.

ಮೂಳೆ ಡಾಕ್ಟರು ನನ್ನ ಹೆಗಲ ಮೇಲೆ ಕೈ ಹಾಕಿ ಕೇಳಿದರು. “ಏನ್ ಕಾಕಾ, ನಮ್ ಹುಡುಗಿ ಓಡ್ತಾಳೋ ಇಲ್ಲೋ? ನಮ್ಮಪ್ಪ ಹೊಸಾ ಹ್ಯಾಟ್ ತಗೊಂಡು ಕೂತಾರ.”

“ಓಡ್ತಾಳೆ ಡಾಕ್ಟ್ರೇ” ಎಂದೆ.

ಅವರ ಹೆಂಡತಿ ಸೇಬು ಕತ್ತರಿಸಿ ಅಂಗೈಯಲ್ಲಿಟ್ಟು ಹಿಡಿದಿದ್ದರು. ಕುದುರೆ ಒಂದು ತುಂಡು ಬಾಯಿಗೆ ತೆಗೆದುಕೊಂಡು ಕೆಳಗೆ ಬೀಳಿಸಿತು. ಆಕೆ ಅದನ್ನು ನೋಡಿದರು, ಕುದುರೆಯ ಕಣ್ಣನ್ನೂ ನೋಡಿದರು.

“ಅಂಕಲ್, ಇವಳು ಸುಸ್ತಾಗಿದಾಳೆ ಅನ್ಸತ್ತೆ. ನೈಟ್ ಮುಗಿಸ್ಕೊಂಡು ಬಂದಾಗ ಕನ್ನಡೀಲಿ ನನ್ನ ಕಣ್ಣು ಹೀಗೇ ಇರತ್ತೆ.”

ಎಲ್ಲರೂ ನನ್ನ ಕಡೆ ತಿರುಗಿದರು. ಆ ಕ್ಷಣ ನಾನು ಹೌದು ಎಂದಿದ್ದರೆ ಸಾಕಿತ್ತು.

“ಅಮ್ಮಾ, ರೋಟಾ ಇರೋದು ನಿಮಗೆ, ಕುದುರೆಗಲ್ಲ” ಎಂದೆ. “ನಿದ್ದೆ ಕೆಟ್ಟಿರೋದು ನೀವು. ಮನೆಗೆ ಹೋಗಿ ಮಲಗಿ.”

ಎಲ್ಲರೂ ನಕ್ಕರು. ಗಂಡ ಎಲ್ಲರಿಗಿಂತ ಜೋರಾಗಿ ನಕ್ಕರು. ಆಕೆಯೂ ತುಸು ನಕ್ಕು ಉಳಿದ ಸೇಬನ್ನು ಜೇಬಿಗೆ ಹಾಕಿಕೊಂಡರು.

ಗುರುವಾರ ರೇಸಿಗೆ ಕುದುರೆಯ ಹೆಸರು ಕೊಡುವ ದಿನ. ಟ್ರೇನರ್ ಡಾಕ್ಟರಮ್ಮನಿಗೆ ಫೋನ್ ಮಾಡಿ, ನನ್ನ ಮನಸ್ಸಿಗೆ ಇದು ಬೇಗವೇ, ಆದರೆ ಕುದುರೆ ಚೆನ್ನಾಗಿ ತಿನ್ನುತ್ತಿದೆಯಂತೆ, ಒಡೆಯರು ನೀವು, ನೀವೇ ಹೇಳಿ ಎಂದಿದ್ದರು. ಆಕೆ ಉತ್ತರ ಕೊಡುವ ಮೊದಲು ನನಗೆ ಫೋನ್ ಮಾಡಿದರು.

“ಅಂಕಲ್, ಅವಳು ನಿಜವಾಗ್ಲೂ ಎಲ್ಲಾ ತಿಂತಿದಾಳಾ? ನೀವು ಹೂಂ ಅಂದ್ರೆ ನಾನೂ ಹೂಂ ಅಂತೀನಿ.”

“ತಿಂತಿದಾಳೆ ಅಮ್ಮಾ. ಓಡ್ಸಿ” ಎಂದೆ.

ಶನಿವಾರ ನನ್ನ ಆಸೆಯಂತೆಯೇ ಎಲ್ಲ ನಡೆಯಿತು. ಬಿಸಿಲು ಬಿದ್ದಿತ್ತು. ಅವಳ ಮೈ ಹೊಳೆಯುವಂತೆ ಉಜ್ಜಿದ್ದೆ. ಬೇಲಿಯಾಚೆ ಸೀರೆಗಳು, ಸೂಟುಗಳು, ಧಾರವಾಡದ ಹಿರಿಯರ ಹೊಸ ಹ್ಯಾಟು. ಆ ಹಿರಿಯರು ಒಳಗೆ ಬಂದು ನನ್ನ ಕೈ ಕುಲುಕಿದರು. ಅಂದು ಯಾರೂ ನನ್ನನ್ನು ಕುದುರೆ ನೋಡಿಕೊಳ್ಳುವವನು ಎನ್ನಲಿಲ್ಲ. ನಾನು ಸುತ್ತು ಹಾಕುತ್ತಲೇ ಇದ್ದೆ. ಹಗ್ಗದ ತುದಿಯಲ್ಲಿ ಅವಳು ಒಮ್ಮೆಯೂ ಜಗ್ಗಲಿಲ್ಲ. ಹಿಂದಿನ ರೇಸುಗಳಲ್ಲಿ ಅವಳನ್ನು ಹಿಡಿದಿಡಲು ನನ್ನ ಭುಜ ಸೋಲುತ್ತಿತ್ತು.

ರೇಸಿನ ಮುಕ್ಕಾಲು ದೂರ ಮುಂದಿನ ಗುಂಪಿನಲ್ಲೇ ಇದ್ದಳು. ಕೊನೆಯ ತಿರುವು ಕಳೆದು ನೇರ ದಾರಿಗೆ ಬಂದಾಗ ಬೇರೆ ಕುದುರೆಗಳು ಅವಳ ಎರಡೂ ಬದಿಯಿಂದ ದಾಟಿ ಹೋದವು. ಆಮೇಲೆ ಅವಳ ತಲೆ ಒಮ್ಮೆ ಕುಗ್ಗಿತು. ಜಾಕಿ ಬಾರು ಎಳೆದು ನಿಲ್ಲಿಸಿ ಕೆಳಗೆ ಹಾರಿದ. ನಾನು ಓಡಿ ತಲುಪುವಷ್ಟರಲ್ಲಿ ಅವಳು ಎಡ ಮುಂಗಾಲನ್ನು ನೆಲಕ್ಕೆ ತಾಗಿಸದೆ ನಿಂತು ನಡುಗುತ್ತಿದ್ದಳು. ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿ, ಹರಿದಿತ್ತು. ಪಶುವೈದ್ಯರು ಅವಳನ್ನು ಉಳಿಸಿದರು, ಆದರೆ ಓಟ ಅಲ್ಲಿಗೇ ಮುಗಿಯಿತು. ಗಾಡಿಗೆ ಹತ್ತಿಸುವಾಗ ಅವಳು ಎಂದಿನಂತೆ ನನ್ನ ಹೆಗಲಿಗೆ ಮೂತಿ ಒರಗಿಸಿದಳು.

ಗುಂಪು ಒಡೆಯಿತು. ಯಾರಿಗಾದರೂ ತಪ್ಪು ಹೊರಿಸಬೇಕಲ್ಲ, ಕೆಲವರು ಟ್ರೇನರನ್ನು ಬೈದರು, ಕೆಲವರು ಫೋನಿನಲ್ಲಿ ಹೂಂ ಎಂದ ಡಾಕ್ಟರಮ್ಮನನ್ನು. ಸೊಲಿಹಲ್‌ನ ಒಂದು ಊಟದ ಮನೆಯಲ್ಲಿ, ನನ್ನ ಎದುರಿಗೇ ಒಬ್ಬರು ಆಕೆಗೆ ಹೇಳಿದರು, ನಿನಗೆ ಅನುಮಾನ ಇತ್ತಲ್ಲ, ಆಮೇಲೂ ಯಾಕೆ ಒಪ್ಪಿದೆ ಎಂದು. ನನ್ನ ಕೈಯಲ್ಲಿ ಪಾಯಸದ ಬಟ್ಟಲಿತ್ತು. ಕುಡಿದು ಮುಗಿಸಿದೆ.

ಚಳಿಗಾಲದಲ್ಲಿ ತಡೆಯಲಾರದೆ ಟ್ರೇನರಿಗೆ ಎಲ್ಲ ಹೇಳಿದೆ. ಅವರು ಕೋಲೂರಿ ಕುರ್ಚಿಯಲ್ಲಿ ಕೂತರು. ಆ ಕಾಲು ಬೇರೆ ದಿನವೂ ಹೋಗಬಹುದಿತ್ತು, ಅದು ಯಾರಿಗೂ ಗೊತ್ತಾಗುವ ಮಾತಲ್ಲ, ಆದರೆ ಅಂದು ಓಡಿಸುವುದೋ ಬೇಡವೋ ಎಂದು ತಿಳಿದು ನಿರ್ಧರಿಸುವ ಅವಕಾಶವನ್ನು ನೀನು ನಮ್ಮಿಂದ ಕಿತ್ತುಕೊಂಡೆ ಎಂದರು. ಡಾಕ್ಟರಮ್ಮನಿಗೆ ನಾನು ಹೇಳುವುದಿಲ್ಲ, ಅದು ನಿನ್ನ ಕೆಲಸ ಎಂದೂ ಹೇಳಿದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಮರುದಿನದಿಂದ ತಾವೇ ಒಂದೊಂದು ಕುದುರೆಯ ಬಳಿಗೂ ಬಂದು, ಗೋಡೆ ಹಿಡಿದು, ಹಲ್ಲು ಕಚ್ಚಿ ಬಗ್ಗಿ ತೊಟ್ಟಿ ನೋಡತೊಡಗಿದರು. ನಾನು ಪಕ್ಕದಲ್ಲೇ ಬಕೆಟ್ ಹಿಡಿದು ನಿಂತಿರುತ್ತಿದ್ದೆ. ನನ್ನನ್ನು ಕೇಳಲಿಲ್ಲ.

ಅಷ್ಟರಲ್ಲಿ ಡಾಕ್ಟರಮ್ಮ ಲೀಡ್ಸ್‌ನಲ್ಲಿ ಕೆಲಸ ಹಿಡಿದು, ಊರಾಚೆ ಹುಲ್ಲುಗಾವಲು ಗೊತ್ತುಮಾಡಿ ಕುಂಟ ಕುದುರೆಯನ್ನೂ ಕರೆದೊಯ್ದಿದ್ದರು. ಹೇಳಿಯೇ ಬರಬೇಕೆಂದು ಒಂದು ವಸಂತದಲ್ಲಿ ರೈಲು ಹತ್ತಿದೆ. ಆಕೆ ಸ್ಟೇಷನ್ನಿಗೆ ಕಾರು ತಂದಿದ್ದರು. ಹುಲ್ಲುಗಾವಲಿನಲ್ಲಿ ಕುದುರೆ ನನ್ನ ವಾಸನೆ ಹಿಡಿದು ಕುಂಟುತ್ತಾ ಬಂತು. ಮೈ ತುಂಬಿಕೊಂಡಿತ್ತು. ಬೇಲಿಗೆ ಒರಗಿ ನಿಂತಾಗ, ನಾನು ಬಾಯಿ ತೆರೆಯುವ ಮುಂಚೆ ಆಕೆಯೇ ಶುರು ಮಾಡಿದರು.

“ಅಂಕಲ್, ನಿಮಗೊಬ್ರಿಗೇ ಇದನ್ನ ಹೇಳ್ಬೋದು. ಪೇಷಂಟ್ ಮುಖ ನೋಡಿದ ಕೂಡಲೇ ಏನೋ ಸರಿಯಿಲ್ಲ ಅಂತ ಮೊದ್ಲು ನಂಗೆ ಗೊತ್ತಾಗ್ತಿತ್ತು. ಅದನ್ನ ನಂಬಿ ಕೆಲಸ ಮಾಡ್ತಿದ್ದೆ. ಈಗ ನಂಬಕ್ಕಾಗಲ್ಲ. ಅವತ್ತು ಇವಳು ಸುಸ್ತಾಗಿದಾಳೆ ಅಂದ್ಕೊಂಡೆ, ಇವಳು ನೋಡಿದ್ರೆ ಚೆನ್ನಾಗಿ ತಿಂತಿದ್ಲು, ಕಾಲು ಹೋಗಿದ್ದು ಬರೀ ಗ್ರಹಚಾರ. ನನ್ನ ಕಣ್ಣು ತಪ್ಪಿತ್ತಲ್ಲ. ಈಗ ಏನೇ ಅನ್ಸಿದ್ರೂ ಪಕ್ಕದೋರನ್ನ ಕರ್ದು ಕೇಳ್ತೀನಿ.”

ಸ್ವಲ್ಪ ತಡೆದು ಮತ್ತೆ ಕೇಳಿದರು. “ತಿಂತಿದ್ಲು ತಾನೇ ಅಂಕಲ್?”

ನಾನು ಕುದುರೆಯ ಕತ್ತು ಸವರುತ್ತಿದ್ದೆ. ತಲೆಯೆತ್ತದೆ “ತಿಂತಿದ್ಲು ಅಮ್ಮಾ” ಎಂದೆ.

ಆಕೆ ಮನೆಗೆ ಕರೆದೊಯ್ದು ಅನ್ನ ಸಾರು ಬಡಿಸಿದರು, ರೈಲಿಗೆ ತಡವಾಗದಂತೆ ಬಿಟ್ಟು ಹೋದರು. ದಾರಿಗೆಂದು ಚಪಾತಿ ಕಟ್ಟಿಕೊಟ್ಟಿದ್ದರು. ಅದಾದ ಮೇಲೆ ನಾನು ಲೀಡ್ಸ್‌ಗೆ ಹೋಗಿಲ್ಲ.

ಕುದುರೆಯ ಮುಂದೆ ಎಷ್ಟೋ ಸಲ ಮನಸ್ಸಿನಲ್ಲೇ ಮಂಡಿಯೂರಿದ್ದೇನೆ. ಟ್ರೇನರಮ್ಮ ತೀರಿಕೊಳ್ಳುವ ಮುಂಚೆ ಅವರ ಹತ್ತಿರ ಕ್ಷಮೆ ಕೇಳಿದ್ದೇನೆ, ಅವರು ಕೇಳಿಸಿಕೊಂಡರು. ಆದರೆ ಯಾರ ಕಣ್ಣು ಅಂದು ಸರಿಯಾಗಿಯೇ ನೋಡಿತ್ತೋ, ಎಂಟು ಜನರ ನಡುವೆ ಯಾರನ್ನು ನಗೆಪಾಟಲು ಮಾಡಿ ಬಾಯಿ ಮುಚ್ಚಿಸಿದೆನೋ, ಆಪರೇಷನ್ ಮೇಜಿನ ತಲೆಯ ಕಡೆ ನಿಂತು ಈಗಲೂ ತನ್ನ ಮೇಲೆ ತಾನೇ ಅನುಮಾನಪಡುತ್ತಿರುವವರು ಯಾರೋ, ಅವರ ಹತ್ತಿರ ಕೇಳಿಲ್ಲ. ಅವರು ಆ ಅರಿವಳಿಕೆಯ ಡಾಕ್ಟರಮ್ಮ.