ಗೋವಿನಜೋಳದ ತುರಾಯಿ

ನನ್ನನ್ನು ನೋಡಲು ಬಂದ ದಿನ ಅತ್ತೆಯವರು ಕೇಳಿದ್ದು ಒಂದೇ ಪ್ರಶ್ನೆ. "ಹೊಲದ ಕೆಲಸ ಬರತೈತೇನವಾ?"

ನಾನು ತಲೆ ಬಗ್ಗಿಸಿಕೊಂಡೇ "ಬರತೈತ್ರಿ" ಎಂದೆ. ನಮ್ಮದು ಇಚಲಕರಂಜಿಯ ಮಗ್ಗದ ಮನೆ. ಹೊಲ ಅನ್ನುವುದನ್ನು ನಾನು ನೋಡಿದ್ದು ಕೊಲ್ಹಾಪುರಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದ. ಆದರೆ ಹುಡುಗ ನನ್ನ ಮನಸ್ಸಿಗೆ ಬಂದಿದ್ದ, ಸುಳ್ಳು ತಾನಾಗಿ ಬಾಯಿಗೆ ಬಂತು.

ಗಡಹಿಂಗ್ಲಜ ಹತ್ತಿರದ ಆ ಹಳ್ಳಿಗೆ ನಾನು ಸೊಸೆಯಾಗಿ ಹೋದದ್ದು ಅರವತ್ತರ ದಶಕದ ಮೊದಲಲ್ಲಿ. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಗಂಡನಿಗೆ ಕೊಲ್ಹಾಪುರದ ಬೆಲ್ಲದ ಅಡತಿ ಅಂಗಡಿಯಲ್ಲಿ ಕೆಲಸ, ಮನೆಗೆ ಬರುವುದು ವಾರಕ್ಕೊಮ್ಮೆ. ಹೊಲ, ಮನೆ, ಎಮ್ಮೆ, ನಾನು ಎಲ್ಲಕ್ಕೂ ಅತ್ತೆಯೇ ಯಜಮಾನಿ. ಆ ಮಳೆಗಾಲದಲ್ಲಿ ಗ್ರಾಮಸೇವಕ ಸೈಕಲ್ ಮೇಲೆ ಗೋವಿನಜೋಳದ ಬೀಜ ಹೇರಿಕೊಂಡು ಬಂದ. ನಮ್ಮೂರಲ್ಲಿ ಸಂತೆಗೆ ಹೋಗಿ ಸುಟ್ಟ ತೆನೆ ತಿಂದವರಿದ್ದರೇ ಹೊರತು ಅದನ್ನು ಬೆಳೆದವರು ಇರಲಿಲ್ಲ.

"ಅಮೇರಿಕಾದಾಗ ಹುಟ್ಟಿದ ಬೆಳಿರೀ ಅವ್ವಾರ. ಅಲ್ಲಿ ಮಂದಿ ಸಾವಿರಾರು ವರ್ಷದಿಂದ ಇದನ್ನ ತಿಂದು ಬದುಕ್ಯಾರ. ರೊಟ್ಟಿ ಆಗತೈತಿ, ದನಕ್ಕ ಮೇವು ಆಗತೈತಿ, ಮಗ್ಗದ ನೂಲಿಗಿ ಹಚ್ಚೋ ಗಂಜಿನೂ ಇದರ ಹಿಟ್ಟಿಲೇ ಮಾಡ್ತಾರ."

ಅತ್ತೆಯ ಕಿವಿಗೆ ಬಿದ್ದದ್ದು ಗಂಜಿ ಒಂದೇ. ನನ್ನ ಕಡೆ ತಿರುಗಿ, "ಹಂಗಾರ ಇದು ನಿನ್ನ ತವರಮನಿ ಬೆಳಿ ಆತು. ಬಾವಿ ಕಡೆ ತುಂಡು ನೀನ ನೋಡ್ಕೊ" ಎಂದರು. ಸುಗ್ಗಿಗೆ ಸುತ್ತಲಿನ ಊರಿನ ರೈತರನ್ನು ಕರೆತಂದು ಈ ಬೆಳೆ ತೋರಿಸುವುದಾಗಿ ಗ್ರಾಮಸೇವಕ ಹೇಳಿ ಹೋದ. ಇಲ್ಲಿ ಎಡವಿದರೆ ನನ್ನ ಸುಳ್ಳು ಬಯಲು, ಜನ್ಮವೆಲ್ಲ 'ಮಗ್ಗದ ಮನಿ ಹುಡುಗಿ' ಎಂಬ ಚುಚ್ಚುಮಾತು.

ಗಿಡವೇನೋ ಪುಣ್ಯಕ್ಕೆ ತನ್ನಷ್ಟಕ್ಕೆ ತಾನೇ ಬೆಳೆಯಿತು. ಆಳೆತ್ತರವಾಗಿ ನೆತ್ತಿಯ ಮೇಲೆ ತುರಾಯಿ ಬಿಟ್ಟಾಗ ಅತ್ತೆ ಬಂದು ಪರೀಕ್ಷೆ ಮಾಡಿದರು. ಬಿಳಿಜೋಳದ ಸೀಮೆಯವರಿಗೆ ತೆನೆ ಎಂದರೆ ತಲೆಯ ಮೇಲಿರುವುದು. ಇಲ್ಲಿ ತಲೆಯ ಮೇಲೆ ಒಂದು ಕಾಳೂ ಇಲ್ಲ, ತೆನೆ ಬಗಲಲ್ಲಿದೆ.

"ಮ್ಯಾಲಿಂದು ಬರೇ ಸೋಗು ಆತಲ್ಲ. ಏನ್ ಮಾಡೋದು?" ಎಂದರು.

ಮಗ್ಗದಿಂದ ಬಟ್ಟೆ ಇಳಿದ ಮೇಲೆ ಅಂಚಿನಲ್ಲಿ ಉಳಿದ ನೂಲನ್ನು ಕತ್ತರಿಸುವುದು ನಮ್ಮ ತವರಿನಲ್ಲಿ ಹೆಣ್ಣುಮಕ್ಕಳ ಕೆಲಸ. ನನಗೆ ಗೊತ್ತಿದ್ದ ವಿದ್ಯೆ ಅಷ್ಟೇ. "ಕೊಯ್ದು ಬಿಡೂಣ್ರಿ ಅತ್ಯಾರ. ಕಸುವೆಲ್ಲ ತೆನಿಗಿ ಇಳೀತೈತಿ" ಎಂದೆ, ಏಳು ತಲೆಮಾರು ಒಕ್ಕಲುತನ ಮಾಡಿದವಳ ಗತ್ತಿನಲ್ಲಿ.

ಎರಡೇ ದಿನದಲ್ಲಿ ಒಂದೂ ಬಿಡದೆ ಕೊಯ್ದೆವು. ತುರಾಯಿ ತಿಂದ ಎಮ್ಮೆ ಅರ್ಧ ಸೇರು ಹೆಚ್ಚಿಗೆ ಹಾಲು ಕೊಟ್ಟಿತು. ಅತ್ತೆ ನೀರಿಗೆ ಹೋದಲ್ಲೆಲ್ಲ ಇದು ತಮ್ಮದೇ ಯುಕ್ತಿ ಎಂದು ಹೇಳಿಕೊಂಡು ಬಂದರು. ನನಗೆ ಸ್ವಲ್ಪ ಹೊಟ್ಟೆ ಉರಿಯಿತು.

ಸುಗ್ಗಿಗೆ ಗ್ರಾಮಸೇವಕ ಐದಾರು ರೈತರನ್ನು ಕರೆದುಕೊಂಡು ಬಂದ. ಎಲ್ಲರೆದುರು ದೊಡ್ಡದೊಂದು ತೆನೆ ಮುರಿದು ಸಿಪ್ಪೆ ಸುಲಿದ. ಒಳಗೆ ಅಲ್ಲೊಂದು ಇಲ್ಲೊಂದು ಕಾಳು, ಉಳಿದದ್ದೆಲ್ಲ ಬರೀ ದಿಂಡು. ಇನ್ನೊಂದು ಸುಲಿದ, ಅದೂ ಹಾಗೇ. ಆಮೇಲೆ ತಲೆಯೆತ್ತಿ ಗಿಡ ನೋಡಿದವನು ಬದುವಿನ ಮೇಲೆ ಕುಳಿತೇಬಿಟ್ಟ.

"ತುರಾಯಿ ಎಲ್ಲಿ ಹೋದವ್ರಿ? ಅದರ ಪುಡಿ ತೆನಿ ಕೂದಲ ಮ್ಯಾಲೆ ಬಿದ್ರಲ್ಲೇನ್ರಿ ಕಾಳು ಕಟ್ಟೋದು? ಯಾರ್ ಕೊಯ್ದ್ರು?"

ರೈತರು ನಗಲು ಶುರು ಮಾಡಿದರು. ಹೇಳಿಬಿಡೋಣ ಎಂದು ನಾನು ಸೆರಗು ಸರಿಪಡಿಸಿಕೊಂಡು ಬಾಯಿ ತೆರೆದೆ. ಹಿಂದಿನಿಂದ ಅತ್ತೆ ಸೊಂಟವನ್ನು ಜೋರಾಗಿ ಚಿವುಟಿದರು.

"ನಾನ ಕೊಯ್ಸೀನಿ. ಏನೀಗ?" ಎಂದರು. ನಗುವನ್ನೆಲ್ಲ ನಿಂತೇ ಕೇಳಿಸಿಕೊಂಡರು.

ಮನೆಗೆ ಬಂದವಳೇ ನಾನು ಅವರ ಕಾಲು ಹಿಡಿದು ಅತ್ತುಬಿಟ್ಟೆ. ಹೊಲದ ಕೆಲಸ ಬರುವುದಿಲ್ಲ ಎಂಬುದನ್ನೂ ಒಪ್ಪಿಕೊಂಡೆ. "ನನ್ನ ಸಲುವಾಗಿ ನೀವು ನಗಿಸ್ಕೊಂಡ್ರಿ ಅತ್ಯಾರ."

ಅವರು ಕಾಲು ಎಳೆದುಕೊಂಡರು. "ನಿನ್ನ ಸಲುವಾಗಿ ನಾ ಯಾಕ ನಗಿಸ್ಕೊಳ್ಳಲಿ? ನಿನಗ ಹೊಲ ಬರಂಗಿಲ್ಲಂತ ನೀ ಕಸ ತಗಿಯಾಕ ಕುರ್ಪಿ ಹಿಡಿದ ದಿನಾನ ಗೊತ್ತಾಗೈತಿ. ಬೆಳಿ ಹೋದ್ರ ಮುಂದಿನ ವರ್ಷ ಬರತೈತಿ. ಮೊನ್ನೆ ಬಂದ ಸೊಸಿ ಮಾತ ಕೇಳಿ ಕುಣಿಯಾಕಿ ಅಂತ ಹೆಸರ ಬಿದ್ರ ಸಾಯೋತನಕ ಹೋಗಂಗಿಲ್ಲ. ಯಾರ ಕೇಳಿದ್ರೂ ಅತ್ತಿ ಹೇಳಿದ್ರು, ಕೊಯ್ದೆ ಅನ್ನು."

ಹಾಗೇ ಹೇಳಿದೆ. ಕೇಳಿದವರಿಗೆಲ್ಲ ಹೇಳಿದೆ, ಗಂಡನಿಗೂ ಹಾಗೇ ಹೇಳಿದೆ. ಅತ್ತೆ ತೀರಿಕೊಂಡ ಮೇಲೂ ಆ ಮಾತು ಮುರಿಯಲು ಮನಸ್ಸಾಗಲಿಲ್ಲ. ಇವತ್ತೇ ಮೊದಲ ಸಲ ಬಾಯಿ ಬಿಟ್ಟಿದ್ದೇನೆ.